ಡಬ್ಬಿಗೆ ಬಂದ ಇರುವೆ

ಗುರುವಾರ, ೧೪

ಮನೆಯವಳು ಮುಚ್ಚಿಟ್ಟದ್ದನ್ನು ಇವತ್ತು ಇರುವೆಗಳು ಹೇಳಿದವು. ನನ್ನ ಚಹಾಕ್ಕೆಂದೇ ತಂದಿದ್ದ, ಸಕ್ಕರೆ ಕಾಯಿಲೆಯವರು ಹಾಕಿಕೊಳ್ಳುವ ಸಿಹಿಪುಡಿಯ ಡಬ್ಬಿಗೆ ಸಾಲುಗಟ್ಟಿ ನುಗ್ಗಿದ್ದವು. ಆ ಪುಡಿಗೆ ಇರುವೆ ಎಂದೂ ಮುತ್ತಿದ್ದಿಲ್ಲ. ಬೆರಳಿಗೆ ಹಚ್ಚಿ ನೆಕ್ಕಿದೆ. ಅಪ್ಪಟ ಸಕ್ಕರೆ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು.

ರಕ್ತದ ಸಕ್ಕರೆ ಇಳಿಯುತ್ತಿಲ್ಲವೆಂದು ಡಾಕ್ಟರು ಎರಡು ಸಲ ಇನ್ಸುಲಿನ್ ಏರಿಸಿದರು. "ಕದ್ದು ತಿಂತೀರಾ?" ಎಂದಾಗ ಇವಳ ತಲೆಯ ಮೇಲೆ ಆಣೆಯಿಟ್ಟು ಇಲ್ಲವೆಂದಿದ್ದೆ. ಇವಳು ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದಳು.

ಕೇಳಿದರೆ ಡಾಕ್ಟರ ಮಾತನ್ನೇ ನನಗೆ ತಿರುಗಿಸಿದಳು. "ಅವರೇ ಹೇಳಿದ್ರಲ್ಲ, ಮೇದೋಜೀರಕದಲ್ಲಿ ಎರಡು ಹಾರ್ಮೋನು ಅಂತ. ಇನ್ಸುಲಿನ್ ಸಕ್ಕರೆ ಇಳಿಸುತ್ತೆ. ತೀರಾ ಇಳಿದ್ರೆ ಗ್ಲುಕಗಾನ್ ಲಿವರಿಂದ ಸಕ್ಕರೆ ಹೊರಗೆ ತರಿಸುತ್ತೆ. ನಿಮ್ಮಲ್ಲಿ ಆ ಎರಡನೇದೂ ಕೈಕೊಟ್ಟಿದೆ. ಅಂಗಡೀಲಿ ಬಟ್ಟೆ ಕತ್ತರಿಸ್ತಾ ಸಕ್ಕರೆ ಇಳಿದು ಕತ್ತರಿ ಸಮೇತ ಬಿದ್ರಲ್ಲ, ಅವತ್ತಿಂದ ಅದರ ಕೆಲಸ ನಾನು ಮಾಡ್ತಿದ್ದೀನಿ."

ಎಂಥ ಕೆಲಸ! ಇವಳು ಸಕ್ಕರೆ ಏರಿಸಿದಳು, ಅದಕ್ಕೆ ಡಾಕ್ಟರು ಸೂಜಿಮದ್ದು ಏರಿಸಿದರು. ಎರಡೂ ಕಡೆಯಿಂದ ಎಳೆದು ಹೊಲಿಗೆ ಬಿಟ್ಟ ಬಟ್ಟೆಯಾದದ್ದು ನಾನು. ಮೈಯೇ ಮೋಸ ಮಾಡಿತೆಂದು ಇಷ್ಟು ದಿನ ಮೈಯನ್ನು ಬೈದೆ. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಹೊರಗಿನವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

"ಇನ್ಮೇಲೆ ನನ್ನ ಚಹಾ ನಾನೇ ಮಾಡ್ಕೋತೀನಿ" ಎಂದೆ.

"ಮಾಡ್ಕೊಳ್ಳಿ" ಎಂದಳು.

ಮಲಗಲು ಬಂದರೆ ದಿಂಬಿನ ಪಕ್ಕ ಒಂದು ಲೋಟ ನೀರು, ಅದರ ಮುಚ್ಚಳದ ಮೇಲೆ, ರಾತ್ರಿ ಸಕ್ಕರೆ ಇಳಿದರೆ ಬೇಕೆಂದು, ಎರಡು ಚಮಚ ಸಕ್ಕರೆ. ಈ ಸಲ ಬಚ್ಚಿಟ್ಟಿಲ್ಲ. ಮೊದಲೇ ಹೀಗೆ ಎದುರಿಗೆ ಇಟ್ಟಿದ್ದರೆ ನಾನೇನು ಬೇಡವೆನ್ನುತ್ತಿದ್ದೆನೇ, ಇಷ್ಟೇ ಮಾಡಿದ್ದರೆ...