ಪಂಚಮಿಗೆ ಕರೆಯಲು ಬಾರದ ತಮ್ಮನಿಗೆ

ಹಿರೇಬೆಂಡಿಗೇರಿ,
ನಾಗರ ಅಮಾವಾಸ್ಯೆ, ೧೯೩೮

ತಮ್ಮ ಕರಬಸಪ್ಪನಿಗೆ ಅಕ್ಕ ನಾಗವ್ವನ ಆಶೀರ್ವಾದ. ಎಷ್ಟು ಸಿಟ್ಟಿದ್ದರೂ ಹಿರಿಯಳಾಗಿ ಹುಟ್ಟಿದ ತಪ್ಪಿಗೆ ಇದೊಂದು ಮಾತು ಹೇಳಲೇಬೇಕಲ್ಲ. ಹಾನಗಲ್ಲಿನಲ್ಲಿ ನೀವೆಲ್ಲ ನೆಟ್ಟಗಿದ್ದೀರಾ? ಅವ್ವನ ಕೆಮ್ಮು ಇಳಿಯಿತೇ? ಅವಳಿಗೆ ಬಿಸಿನೀರಿಗೆ ಶುಂಠಿ ಹಾಕಿ ಕೊಡುವವರು ಯಾರಾದರೂ ಇದ್ದಾರೆಯೇ? ನನಗೆ ಬರೆಯಲು ಬರುವದಿಲ್ಲವೆಂಬುದು ನಿನಗೆ ಗೊತ್ತು. ನಾನು ಹೇಳುತ್ತೇನೆ, ಮಗಳು ಫಕ್ಕೀರವ್ವ ಬರೆಯುತ್ತಾಳೆ. ನೀನು ಮದುವೆಯಾಗುತ್ತೇನೆಂದು ಹಟ ಹಿಡಿದು ಕೂತಿದ್ದೀಯಲ್ಲ, ಅವಳೇ.

ಈ ವಾರ ನನಗೆ ಉಸಿರಾಡಲು ಪುರಸೊತ್ತಿಲ್ಲ. ಕಳೆ ತೆಗೆಯುವ ಹೆಣ್ಣಾಳುಗಳಿಗೆ ನಸುಕಿನಲ್ಲೇ ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಬೇಕು, ಈದ ಎಮ್ಮೆ ಹತ್ತಿರ ಹೋದರೆ ಒದೆಯುತ್ತದೆ. ಇದರ ನಡುವೆಯೇ ತವರಿಗೆ ಒಯ್ಯಲೆಂದು ಶೇಂಗಾ ಹುರಿದು ಉಂಡಿ ಕಟ್ಟಿದೆ. ನಿನ್ನೆ ಗಾಡಿ ನಿಂತ ಸಪ್ಪಳಕ್ಕೆ ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಇಳಿದವನು ನೀನಲ್ಲ, ನಿನ್ನ ಗಾಡಿ ಹೊಡೆಯುವ ಗೌಸಸಾಬ. ಪಾಪ, ನನ್ನ ಮುಖ ನೋಡಲಾರದೆ, “ಸಾವ್ಕಾರ್ರಿಗೆ ಕೆಲಸ ಐತ್ರಿ ಅಕ್ಕಾರ, ಬುಟ್ಟಿ ಅಷ್ಟ ಕೊಟ್ಟು ಬಾ ಅಂದಾರ್ರಿ” ಎಂದ. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಅಪ್ಪ ಸತ್ತ ವರ್ಷ ಕೂಡ, ಇನ್ನೂ ಮೀಸೆ ಬಾರದ ನೀನೇ ಗಾಡಿ ಕಟ್ಟಿಕೊಂಡು ಬಂದು ಪಂಚಮಿಗೆ ಕರೆದುಕೊಂಡು ಹೋಗಿದ್ದೆ. ಕರೆಯುವವರು ಬಾರದೆ ಹೆಣ್ಣುಮಗಳು ಯಾವ ಮುಖ ಹೊತ್ತು ತವರಿನ ಹೊಸ್ತಿಲು ತುಳಿಯಬೇಕು?

ಬುಟ್ಟಿಯಲ್ಲಿ ಪಂಚಮಿಯ ಉಂಡಿ, ತಳದಲ್ಲಿ ಹಸಿರು ಇಳಕಲ್ ಸೀರೆ ಬೇರೆ. ನನಗಲ್ಲ, ಫಕ್ಕೀರವ್ವನಿಗಂತೆ. ಹೆಂಡತಿ ಸತ್ತು ವರ್ಷ ತುಂಬಿಲ್ಲ, ಆಗಲೇ ಅಕ್ಕನ ಮಗಳ ಮೇಲೆ ಕಣ್ಣು ಹಾಕಿದೆ. ನೀನೇ ಹೆಗಲ ಮೇಲೆ ಹೊತ್ತು ತಿರುಗಿಸಿದ ಕೂಸು ಅದು, ನಾಚಿಕೆಯಾಗುವದಿಲ್ಲವೇ? ಮುಂದಿನ ವರ್ಷ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಹುಡುಗಿ. ಯುಗಾದಿಗೆ ಬಂದಾಗಲೇ ನಾನು ಕೊಡಲೊಲ್ಲೆ ಎಂದು ಬಾಯಿಬಿಟ್ಟು ಹೇಳಿದ್ದೆ. “ಹಂಗಾರ ತವರಿನ ಆಸೆ ಬಿಡು” ಎಂದು ತಾಟು ಸರಿಸಿ ಎದ್ದು ಹೋದವನು, ಈಗ ಅದನ್ನು ಮಾಡಿ ತೋರಿಸಿದೆ. ಸೀರೆಯನ್ನು ಗೌಸಸಾಬನ ಕೈಯಲ್ಲೇ ತಿರುಗಿ ಕಳಿಸಿದ್ದೇನೆ. ನಿನ್ನ ಉಂಡಿ ಎಮ್ಮೆಗೆ ಹಾಕಿದೆ. ಸೀರೆಯ ಜೊತೆ ಕಳಿಸಿದ, ನಾನು ಕಟ್ಟಿದ ಉಂಡಿ ಅವ್ವನಿಗೆ, ನೀನು ಮುಟ್ಟಬೇಡ. ಜೋಕಾಲಿ ಕಟ್ಟಿ ನೀನೊಬ್ಬನೇ ಆಡು. ಇನ್ನು ನೀನು ಕಾಲಿಗೆ ಬಿದ್ದು ಕರೆದರೂ ನಾನು ಬರುವದಿಲ್ಲ.

ಅವ್ವನ ಪಾದಕ್ಕೆ ನನ್ನ ನಮಸ್ಕಾರ ಮುಟ್ಟಿಸು.

ಇತಿ, ಅಕ್ಕ ಎನಿಸಿಕೊಂಡ
ನಾಗವ್ವ

ತಾ.ಕ.: ಮಾಮಾ, ಇದು ಅವ್ವ ಹೇಳಿದ್ದಲ್ಲ. ಅವಳು ಎಮ್ಮೆ ಹಿಂಡಲು ಹೋಗಿದ್ದಾಳೆ. ನನ್ನನ್ನು ನಿಮಗೆ ಕೊಡಬೇಕೆಂದೇ ಅವಳ ಮನಸ್ಸಿನಲ್ಲಿತ್ತು. ಒಲ್ಲೆ ಎಂದು ಊಟ ಬಿಟ್ಟು ಕೂತವಳು ನಾನು. ನನ್ನ ಹೆಸರು ಹೇಳದೆ ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಳು. ಬರುವದಿಲ್ಲ ಎಂದು ಬರೆಸಿದವಳು ತವರಿಗೆಂದು ಕಟ್ಟಿದ ಸೀರೆಯ ಗಂಟು ಇನ್ನೂ ಬಾಗಿಲ ಹತ್ತಿರವೇ ಇದೆ, ಬಿಚ್ಚಿಲ್ಲ. ನಿಮ್ಮ ಸಿಟ್ಟೆಲ್ಲ ನನ್ನ ಮೇಲಿರಲಿ, ನನಗೆ ಅದರ ಅಂಜಿಕೆಯಿಲ್ಲ. ಅವ್ವನನ್ನು ಕರೆಯಲು ನೀವೇ ಬರ್ರಿ. ನಾನು ಮಾತ್ರ ಬರುವದಿಲ್ಲ.