ಚಂದಾ ಕಟ್ಟದ ಕಣ್ಣು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.10

ಉಪ್ಪುನೀರು ಆಯಿತು. ಷಡ್ಜ ಹಿಡಿದದ್ದೂ ಆಯಿತು. ಅಡುಗೆಮನೆಯ ಸ್ಟೀಲ್ ತಟ್ಟೆಗಳು ಝಣ್ ಅಂದವು. ಗಂಟಲು ನೆಟ್ಟಗಿದೆ ಎಂದರ್ಥ. ಎಂಟಕ್ಕೆ ಬಸ್ ನಿಲ್ದಾಣ, ಮೈಕು, ನಾನು. "ಪ್ರಯಾಣಿಕರ ಗಮನಕ್ಕೆ!" ಎಂದರೆ ಸೂರಿನ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಬೇಕು. ಹಾರುತ್ತವೆ ಕೂಡ. ನಾಟಕದ ಕಂಪನಿಯಲ್ಲಿ, ಪರದೆ ಎಳೆಯುವ ಹಗ್ಗಕ್ಕೆ ಕಟ್ಟಿದ ತೊಟ್ಟಿಲಲ್ಲಿ ಬೆಳೆದವಳ ದನಿ. ಹದಿನೆಂಟು ವರ್ಷದಿಂದ ಬಸ್ಸುಗಳ ಸೇವೆಗೆ ಬಿದ್ದಿದೆ. ಇರಲಿ.

ತಂಗಿ ಕಾಫಿ ಇಟ್ಟು ನಿಂತೇ ಇದ್ದಳು. ಏನೋ ಹೇಳುವುದಿದೆ, ಹೊರಡುತ್ತಿಲ್ಲ. ಗದರಿದ ಮೇಲೆ ಬಾಯಿಬಿಟ್ಟಳು. ಆ ಆಸಾಮಿ ಶನಿವಾರ ಮತ್ತೆ ಬಂದಿದ್ದನಂತೆ. ಅವಳ ಗಂಡ. ಬೆಲ್ ಒತ್ತಿ, ಬಾಗಿಲಿಗೆ ಒದ್ದು, "ಕೇಸ್ ವಾಪಸ್ ತಗೋ, ಇಲ್ಲಾಂದ್ರೆ ಇಲ್ಲೂ ನೆಮ್ಮದಿಯಾಗಿರೋಕೆ ಬಿಡಲ್ಲ" ಅಂದು ಹೋದನಂತೆ. ಇವಳು ಅವನ ಮನೆ ಬಿಟ್ಟು ನನ್ನಲ್ಲಿಗೆ ಬಂದು ನಾಲ್ಕು ತಿಂಗಳು. ಕೋರ್ಟಿನಲ್ಲಿ ಮಾತ್ರ ಕೈಮುಗಿದು ಹೇಳುತ್ತಾನೆ — ಆ ಬೀದಿ ಯಾವ ಕಡೆ ಇದೆಯೆಂದೇ ನನಗೆ ಗೊತ್ತಿಲ್ಲ, ಸ್ವಾಮಿ. ಭಲೇ ನಟ!

ಆಗಲೇ ಫೋನ್ ಮಾಡಿ ವಕೀಲಮ್ಮನನ್ನು ಎಬ್ಬಿಸಿದೆ. "ಇಪ್ಪತ್ತೇಳಕ್ಕೆ ವಿಚಾರಣೆ. ಅವನು ಬಂದಿದ್ದಕ್ಕೆ ಒಂದೇ ಒಂದು ಸಾಕ್ಷಿ ಕೊಡಿ, ಮನೆ ಹತ್ರ ಸುಳಿಯದ ಹಾಗೆ ಆದೇಶ ತರ್ತೀನಿ. ಬರೀ ಬಾಯಿಮಾತಲ್ಲಿ ಆಗಲ್ಲ."

ಬಾಯಿಮಾತಲ್ಲಿ ಆಗಲ್ಲವಂತೆ. ನನಗೆ! ಬಾಯಿಮಾತನ್ನೇ ಉಂಡು ಬೆಳೆದವಳಿಗೆ!

ಕ್ಯಾಮೆರಾ ಹಾಕಿಸುತ್ತೇನೆ.

ಫೆಬ್ರವರಿ 4, ಮಂಗಳವಾರ. ಸಂಜೆ

ದೊಡ್ಡ ಅಂಗಡಿ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೈ ಕಟ್ಟಿದ ಮನುಷ್ಯ. ಮೊಟ್ಟೆಯಷ್ಟು ಕ್ಯಾಮೆರಾ ತೋರಿಸಿದ. ಮುದ್ದಾಗಿತ್ತು.

"ಯಾರಾದ್ರೂ ಬಂದ್ರೆ ಫೋನಿಗೇ ಬರುತ್ತೆ ಮೇಡಂ. ಜಗತ್ತಿನಲ್ಲಿ ಎಲ್ಲಿದ್ರೂ ನೋಡಬಹುದು."

"ಆಮೇಲೆ ನೋಡ್ಬೇಕು ಅಂದ್ರೆ?"

"ಅದಕ್ಕೆ ಪ್ಲ್ಯಾನ್ ಇದೆ. ತಿಂಗಳು ತಿಂಗಳು ಚಂದಾ."

"ಕಟ್ಟದಿದ್ರೆ?"

"ಲೈವ್ ಕಾಣ್ಸುತ್ತೆ ಮೇಡಂ, ಉಳಿಯಲ್ಲ."

ಎದ್ದು ನಿಂತೆ. "ಏನಪ್ಪಾ! ಕ್ಯಾಮೆರಾ ನನ್ನದು, ಬಾಗಿಲು ನನ್ನದು, ಬಾಗಿಲಿಗೆ ಬರುವ ದರಿದ್ರವೂ ನನ್ನದೇ. ಅದನ್ನ ನಾನು ನೋಡೋದಕ್ಕೆ ಕಂಡಿಲ್ಲದ ಯಾವನಿಗೋ ತಿಂಗಳಾ ತಿಂಗಳಾ ಕಪ್ಪ ಒಪ್ಪಿಸಬೇಕೋ?" ವಾಷಿಂಗ್ ಮೆಷಿನ್ ನೋಡುತ್ತಿದ್ದ ದಂಪತಿ ತಿರುಗಿ ನೋಡಿದರು. ಒಬ್ಬಾತ ಚಪ್ಪಾಳೆಯನ್ನೂ ತಟ್ಟಿದ. ತಲೆಬಾಗಿ ಸ್ವೀಕರಿಸಿ ಹೊರಟೆ.

ಜೊತೆಗೆ ಬಂದಿದ್ದ ತಂಗಿ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನನ್ನ ಅಬ್ಬರಕ್ಕೆ ನಾಚಿಕೊಂಡಳು ಅಂದುಕೊಂಡೆ.

ಫೆಬ್ರವರಿ 5, ಬುಧವಾರ

ನಾಚಿಕೆಯಲ್ಲ. ಇವತ್ತು ಬಟ್ಟೆ ಮಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಅಕ್ಕ, ಆ ಮೊಟ್ಟೆ… ಅಂಥದ್ದೇ ಇತ್ತು ಅಲ್ಲಿ, ಅವರ ಮನೇಲಿ. ಹಾಲ್‌ನಲ್ಲೊಂದು, ಅಡುಗೆಮನೇಲೊಂದು. ಕಳ್ಳರಿಗೆ ಅಂತ ಹಾಕ್ಸಿದ್ದು. ಪಾಸ್‌ವರ್ಡ್ ಅವರ ಹತ್ರ. ಆಫೀಸಿಂದ ಫೋನ್ ಮಾಡೋರು. ಹಾಲು ಉಕ್ಕಿಸ್ದೆ ಅಲ್ವಾ? ಯಾರ ಜೊತೆ ಫೋನಲ್ಲಿ ನಗ್ತಿದ್ದೆ? ಎಷ್ಟು ಹೊತ್ತು ಕೂತಿದ್ದೆ? ಅಂತ."

ಆರು ವರ್ಷ. ನನಗೆ ಒಂದು ಮಾತು ಹೇಳಿರಲಿಲ್ಲ. ಅಕ್ಕನೆಂಬ ನಾನು ಊರಿಗೆಲ್ಲ ಬಸ್ಸು ಬಂತು, ಬಸ್ಸು ಹೋಯಿತು ಎಂದು ಕೂಗುತ್ತಾ ಕೂತಿದ್ದೆ.

"ಚಿತ್ರ ಇನ್ನೊಬ್ಬರ ಮನೆಗೆ ಹೋಗೋ ಕ್ಯಾಮೆರಾ ಬೇಡ ಅಕ್ಕ. ಕಂಪನಿಯವರೋ, ಯಾರೋ… ಬೇಡ. ಬೇಕಾದ್ರೆ ಅವರು ಬಂದು ಒದ್ದು ಹೋಗ್ಲಿ."

ಅಪ್ಪ ತಮ್ಮ ನಾಟಕಗಳಲ್ಲಿ ಇವಳಿಗೆ ಪಾತ್ರವನ್ನೇ ಕೊಡುತ್ತಿರಲಿಲ್ಲ. "ಇವಳ ದನಿ ಮುಂದಿನ ಚಾಪೆಗೂ ಮುಟ್ಟಲ್ಲ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಇನ್ನು ಚಂದಾ ಇಲ್ಲದ್ದು ಬೇಕೆನ್ನುವುದು ನನ್ನ ಜಿಪುಣತನವಲ್ಲ. ಶಪಥ.

ಫೆಬ್ರವರಿ 6, ಗುರುವಾರ

ನಿಲ್ದಾಣದ ಹಿಂದಿನ ಸಂದಿ. ರೇಡಿಯೊ, ಫ್ಯಾನು, ಕ್ಯಾಮೆರಾ ಎಲ್ಲ ರಿಪೇರಿ ಮಾಡುವ ಅಂಗಡಿ. ಮಾಲೀಕ ದಪ್ಪ ಕನ್ನಡಕದವರು, ಬಾಯಲ್ಲಿ ಸದಾ ಸ್ಕ್ರೂ. ಮಾತಾಡಬೇಕಾದರೆ ಒಂದೊಂದೇ ತೆಗೆದು ಅಂಗೈಗೆ ಹಾಕಿಕೊಳ್ಳುತ್ತಾರೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಂದಿದ್ದವಳು ತಂಗಿ, ಓದಿದವಳು ನಾನು.

ಇಂಟರ್ನೆಟ್ ಇಲ್ಲದಿದ್ದರೆ? "ನಡೆಯುತ್ತೆ. ವೈರ್ ಇರೋದು. ಒಳಗೆ ಒಂದು ಪೆಟ್ಟಿಗೆ, ಅದರಲ್ಲಿ ಹಾರ್ಡ್ ಡಿಸ್ಕ್. ಎಲ್ಲ ಅಲ್ಲೇ." ಕರೆಂಟು ಹೋದರೆ? "ಸಣ್ಣ ಯುಪಿಎಸ್ ಇಡಿ." ಎಷ್ಟು ದಿನ ಉಳಿಯುತ್ತದೆ? "ಇಪ್ಪತ್ತು ದಿನ. ಆಮೇಲೆ ಹಳೇದರ ಮೇಲೆ ಹೊಸದು ಬರ್ಕೊಳ್ಳುತ್ತೆ. ಬೇಕಾದ್ದನ್ನ ಅಷ್ಟರೊಳಗೆ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ." ಮಾತು ಕೇಳಿಸುತ್ತದೆಯೇ? "ಮೈಕ್ ಇರೋದು ಕೊಡ್ತೀನಿ. ಯಾಕೆ, ನಿಮಗೂ ಮೈಕ್ ಬೇಕೇನಮ್ಮ?"

ಕೊನೆಯ ಪ್ರಶ್ನೆ ತಂಗಿಯೇ ಕೇಳಿದಳು. ಅರ್ಧ ನುಂಗಿಕೊಂಡು. "ಪಾಸ್‌ವರ್ಡ್… ನಿಮ್ಮ ಹತ್ರ ಇರುತ್ತಾ?"

ಉಳಿದಿದ್ದ ಸ್ಕ್ರೂಗಳನ್ನೆಲ್ಲ ಅಂಗೈಗೆ ಉಗುಳಿಕೊಂಡರು. "ನಿಮ್ಮನೆ ಬೀಗದ ಕೈ ನನಗ್ಯಾಕಮ್ಮ? ನೀವೇ ಹಾಕ್ಕೊಳ್ಳಿ. ನಾನು ಆ ಕಡೆ ತಿರುಗಿ ನಿಂತಿರ್ತೀನಿ. ಒಂದು ಮಾತು, ಪೆಟ್ಟಿಗೆ ಮಾತ್ರ ಬಚ್ಚಿಡಿ. ಅದನ್ನೇ ಹೊತ್ಕೊಂಡು ಹೋದ್ರೆ ಕಥೆ ಮುಗೀತು."

ಇದೇ. ಇದೇ ಬೇಕು.

ಫೆಬ್ರವರಿ 8, ಶನಿವಾರ

ಬಾಗಿಲ ಚೌಕಟ್ಟಿನ ಮೇಲೆ ಕಣ್ಣು ಕೂತಿತು. ಮೆಟ್ಟಿಲು, ಗೇಟು, ಬೀದಿಯ ಅರ್ಧ ಕಾಣುತ್ತದೆ. ವೈರು ಗೋಡೆಯೊಳಗಿಂದ ಅಟ್ಟಕ್ಕೆ. ಪೆಟ್ಟಿಗೆಯನ್ನು ಎಲ್ಲಿಟ್ಟೆವು? ಅಪ್ಪನ ವೇಷದ ಬಣ್ಣದ ಟ್ರಂಕಿನಲ್ಲಿ! ಹಳೇ ಟೋಪನ್ನುಗಳ ಕೂದಲು, ಒಣಗಿದ ಬಣ್ಣದ ಕಡ್ಡಿಗಳ ನಡುವೆ. ಗಾಳಿ ಬೇಕೆಂದು ಕನ್ನಡಕದವರು ಟ್ರಂಕಿಗೆ ತೂತು ಕೊರೆದರು. ಅಪ್ಪನ ಟ್ರಂಕಿಗೇ! ಕೊರೆಯಲಿ.

ಪಾಸ್‌ವರ್ಡ್ ಹಾಕುವಾಗ ಅವರು ಮಾತಿನಂತೆ ಗೋಡೆ ನೋಡುತ್ತಾ ನಿಂತರು. ನಾನು ಇಣುಕಿದೆ. ತಂಗಿ ಕೈ ಅಡ್ಡ ಹಿಡಿದಳು. "ನೀನೂ ಆ ಕಡೆ ತಿರುಗು, ಅಕ್ಕ."

ತಿರುಗಿದೆ. ಬೆನ್ನ ಹಿಂದೆ ಒಂದೊಂದೇ ಗುಂಡಿ ಒತ್ತುವ ಸದ್ದು. ಎಷ್ಟೋ ವರ್ಷಕ್ಕೆ ಅವಳದೇ ಎಂಬುದೊಂದು ಅವಳಿಗಿದೆ.

ಫೆಬ್ರವರಿ 17, ಸೋಮವಾರ. ಮಧ್ಯಾಹ್ನ 3

ಬಂದ! ಬಂದ! ಒಂಬತ್ತು ದಿನ ಕಾಯಿಸಿ ಇವತ್ತು ಬಂದ!

ಊಟದ ಡಬ್ಬಿ ಮರೆತಿದ್ದೆ. ಒಂದೂಮುಕ್ಕಾಲರ ಬಸ್ಸು ಕೂಗಿ, ಕಂಟ್ರೋಲರ್ ಸಾಹೇಬರಿಗೆ ಹೇಳಿ ಹಿಂದಿನ ಸಂದಿಯಿಂದ ಓಡಿ ಬಂದೆ. ಎರಡೇ ನಿಮಿಷದ ದಾರಿ. ಹಿತ್ತಲ ಬಾಗಿಲಿಂದ ಒಳಗೆ ಬಂದರೆ — ಮುಂಬಾಗಿಲಿಗೆ ಧಡ್ ಧಡ್. ತಂಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಾಳೆ.

ತೆಗೆದೆ ನೋಡು ಬಾಗಿಲು! ಮೆಟ್ಟಿಲ ಮೇಲೆ ಒಂದೇ ಹೆಜ್ಜೆ. ಎಡಗೈ ಸೊಂಟಕ್ಕೆ, ಬಲಗೈ ಆಕಾಶಕ್ಕೆ. "ಎಲವೋ ಅಧಮಾ! ಹೆಂಗಸಿರುವ ಮನೆಯ ಬಾಗಿಲಿಗೆ ಒದೆಯುವ ಕಾಲಿಗೆ…" ಉದ್ದಕ್ಕೆ ಹೋಯಿತು. ಉಸಿರು ಎಲ್ಲೂ ಕಡಿಯಲಿಲ್ಲ. ಅವನೂ ಏನೇನೋ ಒದರಿದ. ಅವನ ಕಣ್ಣು ಬಾಗಿಲ ಚೌಕಟ್ಟಿನ ಮೇಲೆ ಹೋಯಿತು.

"ಓಹೋ, ಕ್ಯಾಮೆರಾ! ಚಂದಾ ಕಟ್ಟಿದ್ದೀರೋ ಅಕ್ಕಾವ್ರೇ?"

"ಚಂದಾ? ಒಂದು ಕಾಸೂ ಕಟ್ಟಲ್ಲ! ಯಾವನಿಗೂ ಕಟ್ಟಲ್ಲ!"

ಹೊಟ್ಟೆ ಹಿಡಿದು ನಕ್ಕ. "ಹಾಗಾದ್ರೆ ಅದು ಗೊಂಬೆ. ಏನೂ ಉಳಿಯಲ್ಲ. ನಾನೂ ಇಟ್ಟಿದ್ದೆ, ಗೊತ್ತಿಲ್ವಾ?" ಗೇಟು ಹಾಕಿಕೊಂಡು ಹೋದ.

ನಗು ಮಗನೇ. ಸಿಕ್ಕಿಬಿದ್ದೆ.

ಫೆಬ್ರವರಿ 18, ಮಂಗಳವಾರ

ಸಿಕ್ಕಿಬಿದ್ದದ್ದು ನಾನು.

ವಕೀಲಮ್ಮನ ಆಫೀಸು. ಪೆನ್‌ಡ್ರೈವ್ ಹಾಕಿದರು. ಪರದೆಯ ತುಂಬ… ನನ್ನ ತುರುಬು. ನನ್ನ ಬೆನ್ನು. ಎತ್ತಿದ ಬಲಗೈ. ಬಾಗಿಲಲ್ಲಿ ನಿಲ್ಲದೆ, ಅಭ್ಯಾಸಬಲದಿಂದ ರಂಗದ ನಟ್ಟನಡುವಿಗೇ ಹೋಗಿ ನಿಂತಿದ್ದೇನೆ. ಕಣ್ಣಿಗೂ ಅವನಿಗೂ ನಡುವೆ ಗೋಡೆಯ ಹಾಗೆ. ಅವನದೆಂದರೆ ಒಂದು ಮೊಣಕೈ, ಪ್ಯಾಂಟಿನ ಒಂದು ಕಾಲು. ಅವನ ಬೆದರಿಕೆ? ಎಲ್ಲಿಯ ಬೆದರಿಕೆ! ಅದರ ಮೇಲೆಲ್ಲ ನನ್ನದೇ ಗರ್ಜನೆ, ಕೊನೆಗೆ ಉಳಿದದ್ದು ಯಾರದೋ ಒಂದು ನಗು. ಅವನು ಬಾಗಿಲು ಬಡಿದದ್ದಾದರೂ? ಬಗ್ಗಿ ನಿಂತಿದ್ದಾನೆ, ತಲೆಯಲ್ಲಿ ಹೆಲ್ಮೆಟ್ಟು. ನನ್ನನ್ನು ಬೈಯಲೆಂದೇ ಅದನ್ನು ತೆಗೆದದ್ದು.

ವಕೀಲಮ್ಮ ಕನ್ನಡಕ ತೆಗೆದಿಟ್ಟರು. "ಅಮ್ಮಾ, ಇದನ್ನ ಕೋರ್ಟಲ್ಲಿ ಹಾಕಿದ್ರೆ ಯಾರೋ ಪಾಪದವನನ್ನ ನೀವೇ ಬೆದರಿಸ್ತಿರೋ ಹಾಗಿದೆ."

ಪೆನ್‌ಡ್ರೈವ್ ಕಿತ್ತುಕೊಂಡು ಎದ್ದೆ.

ಸಂಜೆ

ತಂಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಳಿದೆ — ನಿನ್ನೆ ಬಿಟ್ಟರೆ ನಾನು ಮನೆಯಲ್ಲಿದ್ದಾಗ ಒಂದು ದಿನವೂ ಬಂದಿಲ್ಲವಲ್ಲ, ಅವನಿಗೆ ಹೇಗೆ ಗೊತ್ತಾಗುತ್ತದೆ?

ಕಿಟಕಿಯ ಕಡೆ ಕೈ ತೋರಿಸಿದಳು. ನಿಲ್ದಾಣದ ಧ್ವನಿವರ್ಧಕದ ತುದಿ ಕಾಣುತ್ತದೆ ಅಲ್ಲಿಂದ.

"ನೀನು ಕೂಗ್ತಿರ್ತೀಯಲ್ಲ ಅಕ್ಕ. ನಿನ್ನ ದನಿ ಕೇಳ್ತಾ ಇದ್ರೆ ನೀನು ಮನೇಲಿಲ್ಲ ಅಂತ. ನನಗೂ ಅಷ್ಟೇ… 'ಪ್ರಯಾಣಿಕರ ಗಮನಕ್ಕೆ' ಅಂದ ತಕ್ಷಣ ಚಿಲಕ ನೋಡ್ಕೋತೀನಿ."

ನಾಲ್ಕು ತಿಂಗಳಿಂದ ಪಾರಿವಾಳ ಹಾರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಹದ್ದಿಗೆ ಸೀಟಿ ಹೊಡೆಯುತ್ತಿದ್ದೆ.

ಫೆಬ್ರವರಿ 22, ಶನಿವಾರ

ಮೂರು ದಿನ ಬರೆಯಲಿಲ್ಲ. ಮೈಕಿನಲ್ಲಿ ಕೂಗಿದೆ, ಅಷ್ಟೇ. ಪ್ರತಿ ಸಲವೂ ಮನೆಯ ಚಿಲಕ ಕಣ್ಣಮುಂದೆ.

ಇವತ್ತು ತೀರ್ಮಾನಿಸಿದೆ. ನನ್ನ ದನಿ ಅವನಿಗೆ ಸನ್ನೆಯಾದರೆ ಆಗಲಿ. ಸನ್ನೆ ಕೊಡುವವಳು ನಾನು!

ಕಂಟ್ರೋಲರ್ ಸಾಹೇಬರ ಮುಂದೆ ನಿಂತೆ. ಮೂರು ವರ್ಷದಿಂದ ಪೀಡಿಸುತ್ತಿದ್ದಾರೆ — ಒಂದು ಸಲ ರೆಕಾರ್ಡ್ ಮಾಡಿಕೊಡಿ, ನೀವು ರಜೆ ಹಾಕಿದ ದಿನ ಹಾಕಿಕೊಳ್ಳುತ್ತೇವೆ. ಕೊಟ್ಟಿರಲಿಲ್ಲ. ಡಬ್ಬಿಯೊಳಗೆ ದನಿ ಕೊಟ್ಟರೆ ಕುರ್ಚಿ ಎಷ್ಟು ದಿನ ಉಳಿದೀತು? "ಜೀವಂತ ನಟಿಯನ್ನ ಉಪ್ಪಿನಕಾಯಿ ಹಾಕ್ತೀರೇನ್ರೀ?" ಎಂದು ಓಡಿಸಿದ್ದೆ.

"ಸೋಮವಾರ ರಜೆ ಬೇಕು. ದನಿ ಇವತ್ತೇ ಕೊಡ್ತೀನಿ."

ಅವರು ನನ್ನನ್ನೇ ನೋಡಿದರು. ಕಾರಣ ಹೇಳಿದೆ, ನಾಲ್ಕೇ ಮಾತಲ್ಲಿ. "ಮೈಕಕ್ಕಾ," ಎಂದರು ನಿಧಾನಕ್ಕೆ, "ಸೋಮವಾರ ಒಂದಿನ ಹಾಕ್ತೀನಿ. ಆಮೇಲೆ ಅಳಿಸಿಹಾಕ್ಲಾ?"

"ಅದು ನಿಮ್ಮ ಧರ್ಮ."

ಎಲ್ಲ ಬಸ್ಸುಗಳನ್ನೂ ಓದಿದೆ. ಒಂದೇ ಉಸಿರಿಗೆ. ಕಣ್ಣಲ್ಲಿ ನೀರು ಬಂತು, ದನಿಯಲ್ಲಿ ಬರಲು ಬಿಡಲಿಲ್ಲ.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ 1.40

ಮನೆಯಲ್ಲಿದ್ದೇನೆ. ಒಳಕೋಣೆ, ಬಾಗಿಲು ಅರ್ಧ ಮುಚ್ಚಿದೆ. ಮೂಲೆಯ ಟಿವಿಯಲ್ಲಿ ಮೆಟ್ಟಿಲು, ಗೇಟು. ತಂಗಿಯ ಕಟ್ಟಪ್ಪಣೆ: "ನೀನು ತುಟಿ ಪಿಟಕ್ ಅನ್ನಬಾರ್ದು. ಆಗಲ್ಲ ಅಂದ್ರೆ ಡೈರಿ ಬರ್ಕೊಂಡಿರು." ಅದಕ್ಕೇ ಬರೆಯುತ್ತಿದ್ದೇನೆ. ಪೆನ್ನಿನ ಹಿಂಬದಿ ಹಲ್ಲಲ್ಲಿ ಕಚ್ಚಿಕೊಂಡೂ ಆಯಿತು.

ಅವನು ಇವತ್ತೇ ಬರುತ್ತಾನೆಂದು ಏನು ಗ್ಯಾರಂಟಿ? ಬರುತ್ತಾನೆ. ಗುರುವಾರ ವಿಚಾರಣೆ. ಅವನ ಪಾಲಿಗೆ ಕಣ್ಣು ಗೊಂಬೆ. ಮೇಲಾಗಿ ನಾನು ನಿಲ್ದಾಣದಲ್ಲಿದ್ದೇನೆ.

1.45. "ಪ್ರಯಾಣಿಕರ ಗಮನಕ್ಕೆ…" ಕಿಟಕಿಯಿಂದ ನನ್ನ ದನಿ. ಕೇಳುತ್ತಾ ಕೂತವಳೂ ನಾನೇ. ಸ್ವಲ್ಪ ಅತಿಯಾಯಿತೇನೋ ಅನ್ನಿಸುತ್ತದೆ, ಹೊರಗಿನಿಂದ ಕೇಳಿದರೆ.

1.52. ಗೇಟು. ಹೆಲ್ಮೆಟ್ಟು ಕೈಯಲ್ಲೇ ಇದೆ. ಗೊಂಬೆಗೆ ಯಾರು ಹೆದರುತ್ತಾರೆ.

ಒದ್ದ. ಎರಡು ಸಲ. ನಾಲಿಗೆಯ ತುದಿಗೆ ಒಂದು ಇಡೀ ದೃಶ್ಯ ಬಂದು ನಿಂತಿದೆ. ನುಂಗಿದೆ.

ತಂಗಿ ಮುಚ್ಚಿದ ಬಾಗಿಲ ಹಿಂದೆ ನಿಂತಿದ್ದಾಳೆ. "ಯಾಕೆ ಬಂದ್ರಿ?"

"ಯಾಕೆ ಬಂದೆ ಅಂತೆ! ಹತ್ತು ಸಲ ಬಂದಿದ್ದೀನಿ, ಇನ್ನೂ ಹತ್ತು ಸಲ ಬರ್ತೀನಿ. ಒಂದು ಸಲನಾದ್ರೂ ತೋರ್ಸೋಕಾಯ್ತಾ ನಿಮ್ಮ ಕೈಲಿ? ಗುರುವಾರದೊಳಗೆ ಕೇಸ್ ವಾಪಸ್ ತಗೊಂಡಿಲ್ಲ ಅಂದ್ರೆ ಈ ಬಾಗಿಲು ಮುರ್ದು ಎಳ್ಕೊಂಡು ಹೋಗ್ತೀನಿ. ಏನ್ ಮಾಡ್ತಾಳೆ ನಿಮ್ಮಕ್ಕ? ಬಸ್ ಬಿಡ್ತಾಳಾ?" ಹಲ್ಲು ಕಿರಿದು ಕ್ಯಾಮೆರಾಗೆ ಕೈಬೀಸಿದ.

ಟಿವಿಯಲ್ಲಿ ಅವನ ಮುಖ. ಹಣೆಯಿಂದ ಗಲ್ಲದವರೆಗೆ, ಪೂರ್ತಿ. ನಡುವೆ ಯಾರೂ ಇಲ್ಲ.

ತಂಗಿ ಉಸಿರೆಳೆದುಕೊಂಡಳು. ಇಲ್ಲಿಗೆ ಕೇಳಿಸಿತು.

"ಇದು ನಿಮ್ಮ ಕ್ಯಾಮೆರಾ ಅಲ್ಲ. ಚಂದಾ ಕಟ್ಟದಿದ್ರೂ ಉಳಿಯುತ್ತೆ. ನಮ್ಮನೇಲೇ ಉಳಿಯುತ್ತೆ. ನೀವು ಬಂದಿದ್ದು, ಒದ್ದಿದ್ದು, ಈಗ ಹೇಳಿದ್ದು. ಪಾಸ್‌ವರ್ಡ್ ನನ್ನ ಹತ್ರ ಇದೆ. ನನ್ನೊಬ್ಬಳ ಹತ್ರ!"

ಎದುರುಮನೆಯ ಕಿಟಕಿ ತೆರೆಯಿತು. ಅಲ್ಲಿಗೂ ಕೇಳಿಸಿದೆ! ಅಪ್ಪಾ, ಕೇಳಿದೆಯಾ, ಕೊನೆಯ ಬೆಂಚಿನವರೆಗೂ ಹೋಯಿತು!

ಅವನ ಬೀಸಿದ ಕೈ ಹಾಗೇ ನಿಂತಿದೆ. ಮುಖ ಮರೆಮಾಡಲು ಹೆಲ್ಮೆಟ್ಟು ಎತ್ತುತ್ತಿದ್ದಾನೆ. ಈಗ! ತಂಗಿ ಮತ್ತೆ ಬಾಯಿ ತೆರೆದಳು. ಕೈಯಿಂದ ನನಗೆ ಸುಮ್ಮನಿರು ಎನ್ನುತ್ತಿದ್ದಾಳೆ. ನಾನು ಒಂದೇ ಒಂದು ಮಾತು… ಇಲ್ಲ. ಆಡುವುದಿಲ್ಲ. ಇದು ಅವಳ ದೃಶ್ಯ.