ಏಲಂ ಕೂಗುವ ಗಂಟಲು

ಮೇ 6, ಮಧ್ಯಾಹ್ನ
ಮೀನಿನ ಏಲಂ ಮುಗಿಸಿ ಬಂದೆ. ಬಂಗುಡೆ ಚೆನ್ನಾಗಿತ್ತು. ಬೋಟು ಬಂದು ನಿಲ್ಲುವ ಮರವಂತೆಯ ದಕ್ಕೆಯಲ್ಲಿ ಏಲಂ ಕೂಗುವ ಹೆಂಗಸು ನಾನೊಬ್ಬಳೇ — ಗಂಡಸರಿಗೆ ಹೊಟ್ಟೆಕಿಚ್ಚು. ನೀರು ಕುಡಿಯುತ್ತಿದ್ದೆ, ಸರೋಜ ಕತ್ತನ್ನೇ ನೋಡಿದಳು. ನನ್ನ ಹತ್ತಿರ ಮೀನು ಕೊಂಡು ಮಾರುವವಳು. ನಾಲಿಗೆ ಸುಮ್ಮನಿರುವುದಿಲ್ಲ.
"ಜಲಜಕ್ಕ, ಕುತ್ಗಿ ಮೇಲ್ ಎಂತ ಅದ್? ನೀರ್ ಕುಡಿವತಿಗೆ ಮೇಲ್ ಕೆಳ್ಗೆ ಹೋತ್ತ್!"
"ಬಂಗುಡಿ ಮುಳ್ ಆಯ್ಕ್" ಅಂದೆ. ನಕ್ಕೆವು.
ಮನೆಗೆ ಬಂದು ಕನ್ನಡಿ ನೋಡಿದೆ. ಹೌದು, ಹೋಗುತ್ತದೆ...

ಮೇ 9
ಮಗಳು ಧನ್ಯಶ್ರೀ ಬಿಡಲಿಲ್ಲ, ಕುಂದಾಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಥೈರಾಯ್ಡ್ ಗ್ರಂಥಿಯಲ್ಲಿ ಗಂಟು. ಸ್ಕ್ಯಾನ್ ಆಯಿತು. ಸೂಜಿ ಚುಚ್ಚಿ ಚೂರು ತೆಗೆದರು. ಬರುವಾಗ ಐಸ್‌ಕ್ರೀಂ ತಿಂದೆವು.

ಮೇ 16
ರಿಪೋರ್ಟ್ ಬಂತು. ಸೂಜಿಗೆ ಗೊತ್ತಾಗಲಿಲ್ಲವಂತೆ! ರೇಗಿದೆ — ಕ್ಯಾನ್ಸರ್ ಹೌದೋ ಅಲ್ಲವೋ, ಒಂದು ಹೇಳಬೇಕಲ್ಲ? ಡಾಕ್ಟರ್ ವಿನಯಾ ಸಿಟ್ಟಾಗಲಿಲ್ಲ. "ಕಾಣಿ ಜಲಜಮ್ಮ, ಒಂದ್ ಜಾತಿ ಗಂಟ್ ತನ್ನ ಪೊರೆ ಒಳ್ಗೇ ದೊಡ್ಡದಾತ್ತ್. ಪಕ್ಕದ್ದನ್ನ ಒತ್ತತ್ತ್, ಅಷ್ಟೇ. ಇನ್ನೊಂದ್ ಜಾತಿ ಪೊರೆ ಒಡ್ದ್ ನುಗ್ಗತ್ತ್, ರಕ್ತದಂಗೆ ಹೋಯಿ ಶ್ವಾಸಕೋಶ, ಎಲುಬಿನಂಗೆ ಬೇರೆ ಗಂಟ್ ಕಟ್ಟತ್ತ್." ನಿಮ್ಮ ಗಂಟಿನ ಜೀವಕೋಶ ಮಾತ್ರ ನೋಡಿದರೆ ಎರಡೂ ಒಂದೇ ತರ, ಪೊರೆ ಒಡೆದಿದೆಯೋ ಅಂತ ನೋಡಲು ಗಂಟನ್ನೇ ತೆಗೆಯಬೇಕು ಅಂದರು. ಸ್ವರದ ನರ ಅದರ ಹಿಂದೆಯೇ ಹೋಗುತ್ತದಂತೆ. "ಜಾಗ್ರತೆ ಮಾಡ್ತೋ, ಆರೆ..." ಆ 'ಆದರೆ'ಯನ್ನು ಮನೆವರೆಗೆ ಹೊತ್ತು ತಂದೆ.
ಇವರು ಮೀನಿನ ಟೆಂಪೋ ತೊಳೆಯುತ್ತಿದ್ದರು. ಕೇಳಿ ನೀರಿನ ಪೈಪು ನಿಲ್ಲಿಸಿದರು. ಆಮೇಲೆ, "ಸ್ವರ ಹೋರೆ ಹೋಯ್ಲಿ ಹೆಣೆ, ನಂಗೆ ನೀ ಬೇಕ್. ಮನೆಯಂಗೆ ಚೂರ್ ಶಾಂತಿಯೂ ಆತ್ತ್."
ನಕ್ಕೆ. ಅಡುಗೆಮನೆಗೆ ಹೋಗಿ ಅತ್ತೆ.

ಜೂನ್ 4, ಆಸ್ಪತ್ರೆ
ಬೋಟುಗಳೆಲ್ಲ ಮಳೆಗಾಲಕ್ಕೆ ದಡ ಸೇರಿವೆ. ನನಗೂ ರಜೆ. ನಾಳೆ ಆಪರೇಷನ್. ಬಾತ್‌ರೂಮಿನಲ್ಲಿ ಯಾರೂ ಇಲ್ಲ ಅಂತ ಗಟ್ಟಿಯಾಗಿ ಒಂದು ಬುಟ್ಟಿ ಅಂಜಲ್ ಮೀನು ಏಲಂ ಕೂಗಿದೆ — ಕಡೇ ಸಲವೋ ಏನೋ ಅಂತ. ಆಚೆ ವಾರ್ಡಿನಿಂದ ಯಾರೋ ಬೆಲೆ ಕೂಗಿದರು!

ಜೂನ್ 8
ಸ್ವರ ಇಲ್ಲ. ಬರೀ ಗಾಳಿ. ಸರೋಜ ನೋಡಲು ಬಂದವಳು ತಾನೂ ಪಿಸುಗುಟ್ಟಿದಳು. ನಿನಗೇನಾಯ್ತು ಅಂತ ಕೈಸನ್ನೆ ಮಾಡಿದೆ. "ಗೊತ್ತಿಲ್ಲೆ, ತನ್ನಷ್ಟಕ್ಕೇ ಆತ್ತ್" ಅಂದಳು, ಪಿಸುಮಾತಿನಲ್ಲೇ. ನಗಲು ಹೋಗಿ ಹೊಲಿಗೆ ಎಳೆಯಿತು.

ಜೂನ್ 18
ತೆಗೆದ ಗಂಟಿನ ಬಯಾಪ್ಸಿ ರಿಪೋರ್ಟ್. ಕ್ಯಾನ್ಸರೇ.
ಬರೆದೆ. ಇನ್ನೊಮ್ಮೆ ಬರೆಯುವುದಿಲ್ಲ.
ಆದರೆ ಪೊರೆಯನ್ನು ಒಂದೇ ಕಡೆ, ಚೂರೇ ದಾಟಿದೆ. ರಕ್ತನಾಳಕ್ಕೆ ಹೊಕ್ಕಿಲ್ಲ. ಗ್ರಂಥಿ ಅರ್ಧ ತೆಗೆದದ್ದು ಸಾಕು, ಕೀಮೋ ಗೀಮೋ ಬೇಡ, ಆಗಾಗ ಬಂದು ತೋರಿಸಿ ಅಂದರು ಡಾಕ್ಟರ್. ಧನ್ಯಶ್ರೀ ಅಲ್ಲೇ ಅತ್ತಳು. ಬೈದೆ. ಬೈಯಲು ಪಿಸುಮಾತು ಸಾಲುವುದಿಲ್ಲ.

ಆಗಸ್ಟ್ 12
ಬೋಟು ಬರಲು ಶುರು. ಸ್ವರವೂ ಬಂದಿದೆ — ಅದೇ ಅಲ್ಲ. ದಪ್ಪ. ಮೇಲಕ್ಕೆ ಏರುವುದಿಲ್ಲ.
ದಕ್ಕೆಗೆ ಹೋದೆ. ಕೂಗಿದೆ. ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ. ಇಲ್ಲ. ಮನೆಗೆ ಹೋಗುವ ಅಂತ ತಿರುಗಿದೆ. ಹಿಂದೆ ಸರೋಜಳ ಸ್ವರ: "ಹ್ವಾಯ್! ಎಲ್ಲ ಬಾಯ್ ಮುಚ್ಚಿ! ಜಲಜಕ್ಕ ಹೇಳ್ತಾ ಇದ್ರ್!"
ಸುಮ್ಮನಾದರು. ಬೋಟಿನವರು ಎಂಜಿನ್ ಕೂಡ ಆಫ್ ಮಾಡಿದರು. ಮನೆಯಲ್ಲಿ ಮಾತಾಡಿದ ಹಾಗೆ ಬೆಲೆ ಹೇಳಿದೆ. ಕೇಳಿಸಿಕೊಳ್ಳಲು ಎಲ್ಲ ಹತ್ತಿರ ಬಂದರು — ಹೊಟ್ಟೆಕಿಚ್ಚಿನವರೂ.

ಆಗಸ್ಟ್ 13, ಬೆಳಿಗ್ಗೆ
ಗಂಟಲು ಸ್ವಲ್ಪ ಕೆರೆಯುತ್ತಿದೆ. ಬಿಸಿನೀರು ಕುಡಿದೆ. "ಇವತ್ತೂ ಹೋಪುದಾ?" ಅಂದರು ಇವರು. ನನ್ನ ಮುಖ ನೋಡಿ ಟೆಂಪೋ ಸ್ಟಾರ್ಟ್ ಮಾಡಿದರು. ಎರಡು ಬೋಟು ಒಟ್ಟಿಗೇ ಬಂದವಂತೆ, ಸರೋಜಳ ಫೋನ್ ಮೇಲೆ ಫೋನ್. ಈಗ ಹಾರ್ನ್. ಬಂದೆ ಅಂದೆ, ಕೇಳಿಸಿರಲಿಕ್ಕಿಲ್ಲ... ಹೋಗಿ—